ಬೆಳಗಿನ ಮೊದಲ ಕಣ್ಣು

ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ, ಕಿಟಕಿಗೆ ಕಪ್ಪು ಪರದೆ ಎಳೆದ ಒಂದು ಪುಟ್ಟ ಕೋಣೆ ಇತ್ತು. ಅದರ ಒಡತಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಕ್ಲಿಕ್ಕಮ್ಮ. ಕಣ್ಣಿನ ಒಳಭಾಗದ ಫೋಟೋ ತೆಗೆಯುವುದು ಅವಳ ಕೆಲಸ. ಸಕ್ಕರೆ ಕಾಯಿಲೆಯವರು ಒಬ್ಬೊಬ್ಬರಾಗಿ ಬಂದು ಕ್ಯಾಮೆರಾದ ಮುಂದೆ ಗದ್ದ ಊರಿ ಕೂರುತ್ತಿದ್ದರು. "ಹಸಿರು ಚುಕ್ಕೆ ನೋಡಿ. ರೆಪ್ಪೆ ಬಡೀಬೇಡಿ. ಉಸಿರಾಡಿ, ಉಸಿರಾಡಬೇಡಿ ಅಂತ ನಾನೇನೂ ಹೇಳಿಲ್ಲ" ಎನ್ನುವಳು. ಫಳಕ್ಕನೆ ಒಂದು ಬೆಳಕು. ಮರುಕ್ಷಣ ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡನೆಯ ಚಿತ್ರ, ಅದರ ತುಂಬ ಕವಲೊಡೆದು ಹರಡಿದ ರಕ್ತನಾಳಗಳು.

ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ ಅವಳಿಗೊಂದು ವಿಚಿತ್ರ ಅಭ್ಯಾಸ ಅಂಟಿತ್ತು. ಜನರ ಮುಖ ಮರೆತುಹೋಗುತ್ತಿತ್ತು, ಕಣ್ಣಿನ ಒಳಗು ಮರೆಯುತ್ತಿರಲಿಲ್ಲ. ನಾದಿನಿಯ ಗಂಡನನ್ನೇ ಬಸ್ಸಿನಲ್ಲಿ ಗುರುತಿಸದೆ "ಏನ್ರೀ, ಸ್ವಲ್ಪ ಸರ್ಕೊಳ್ಳಿ" ಎಂದು ಗದರಿದವಳು, ಹೆಸರಿಲ್ಲದ ಫೋಟೋ ತೋರಿಸಿದರೆ "ಇದು ಮೂಲೆ ಅಂಗಡಿ ಟೈಲರ್‌ದು, ಎಡಗಣ್ಣು" ಎಂದು ಥಟ್ಟನೆ ಹೇಳುವಳು. ಡಾಕ್ಟರಿಗಿಂತ ಮೊದಲು ಕೆಂಪು ಚುಕ್ಕೆ ಪತ್ತೆಹಚ್ಚಿದ್ದೂ ಎಷ್ಟೋ ಸಲ. ಅದರ ಬಗ್ಗೆ ಅವಳಿಗೆ ಜಂಭವಿತ್ತು. ಇರಲಿ ಬಿಡಿ, ದುಡಿದು ಸಂಪಾದಿಸಿದ ಜಂಭ ಅದು.

ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ, ರೋಗಿಗಳು ಬರುವ ಮೊದಲು, ಕ್ಯಾಮೆರಾ ಸರಿಯಿದೆಯೇ ಎಂದು ಪರೀಕ್ಷೆಗಾಗಿ ಒಂದು ಫೋಟೋ ತೆಗೆಯಬೇಕು. ಅದಕ್ಕೆಂದೇ ಕಂಪನಿಯವರು ಆರು ವರ್ಷದ ಹಿಂದೆ ಬಂದ ಈ ಹೊಸ ಕ್ಯಾಮೆರಾದ ಜೊತೆ ಡಬ್ಬಿಯಲ್ಲಿ ಒಂದು ಪ್ಲಾಸ್ಟಿಕ್ ಕಣ್ಣನ್ನು ಕೊಟ್ಟಿದ್ದರು. ಕ್ಲಿಕ್ಕಮ್ಮ ಅದನ್ನು ಮೊದಲ ವಾರವೇ ಬೀರುವಿನೊಳಗೆ ತಳ್ಳಿದ್ದಳು. "ಇದು ರೆಪ್ಪೆ ಬಡಿಯಲ್ಲ, ನೀರು ಸುರಿಸಲ್ಲ, ಅಲ್ಲಾಡಲ್ಲ. ಇದರಲ್ಲಿ ಸರಿ ಬಂದ ಫೋಕಸ್ ಮನುಷ್ಯರಿಗೆ ಬರುತ್ತೆ ಅಂತ ಏನು ಗ್ಯಾರಂಟಿ?" ಆವತ್ತು ಕೋಣೆಯ ಬೀಗ ತೆಗೆಯಲು ಬಂದ ಕಾವಲುಗಾರನನ್ನೇ ಹಿಡಿದು ಕೂರಿಸಿದಳು. ಇವತ್ತಿಗೂ ಅವನೇ.

ಅವನ ಅಡ್ಡಹೆಸರು ಬಂಡೆ. ಐವತ್ತು ದಾಟಿದ ಆಳು, ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆಸ್ಪತ್ರೆಯವರಿಗೂ ಅಗ್ನಿಶಾಮಕ ಠಾಣೆಯವರಿಗೂ ನಡೆಯುವ ಹಗ್ಗಜಗ್ಗಾಟದಲ್ಲಿ ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಕೊನೆಗೆ ನಿಲ್ಲುವವನು ಅವನೇ. ಅವನು ಕಾಲೂರಿದರೆ ಕದಲಿಸುವುದು ಕಷ್ಟ. ಹೆಸರು ಬಂದದ್ದು ಹಾಗೆ.

ಈ ಕಥೆಯ ದಿನ ಹಗ್ಗಜಗ್ಗಾಟದ ದಿನವೇ. ಬೆಳಿಗ್ಗೆ ಬಂಡೆ ಎಂದಿನಂತೆ ಬಂದು, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಗಟಗಟ ಖಾಲಿ ಮಾಡಿ, ಸ್ಟೂಲಿನ ಮೇಲೆ ಕೂತು ಗದ್ದ ಊರಿದ. ಬಲಗಣ್ಣು. ಯಾವಾಗಲೂ ಬಲಗಣ್ಣೇ, ಪರೀಕ್ಷೆಗೆ ಒಂದು ಸಾಕಲ್ಲ.

"ಈ ಸಲ ಏನಣ್ಣ ಕಥೆ? ಹೋದ ವರ್ಷ ಮೂತಿ ಕೆಳಗಾಗಿ ಬಿದ್ರಲ್ಲ" ಎಂದಳು ಕ್ಲಿಕ್ಕಮ್ಮ.

"ಹೋದ ವರ್ಷ ನೆಲ ಒದ್ದೆ ಇತ್ತು ಕಣೇ. ಈ ಸಲ ಹೊಸ ಬೂಟು ತಂದಿದ್ದೀನಿ. ನಾಲ್ಕು ಗಂಟೆಗೆ ಬಂದು ನೋಡು."

ಫಳಕ್. ಕ್ಲಿಕ್ಕಮ್ಮ ಪರದೆಯತ್ತ ಒಮ್ಮೆ ಕಣ್ಣು ಹಾಯಿಸಿದಳು. ಅಂಚು ಚೂಪಾಗಿದೆ, ಬೆಳಕು ಸಮವಾಗಿದೆ, ನೆರಳು ಬಿದ್ದಿಲ್ಲ. "ಆಯ್ತು, ಹೊರಡು" ಎಂದಳು. ಎರಡು ಸೆಕೆಂಡು. ಚಿತ್ರ ಹೋಗಿ 'ಪರೀಕ್ಷೆ' ಎಂಬ ಕಡತದಲ್ಲಿ ಕೂತಿತು. ಅದಕ್ಕೆ ದಿನವೂ ಅದೇ ಒಂದು ನಂಬರನ್ನು ಕ್ಯಾಮೆರಾವೇ ಹಾಕಿಕೊಳ್ಳುತ್ತಿತ್ತು, ಅವಳು ಅದನ್ನು ಎಂದೂ ತಿರುಗಿ ನೋಡಿದವಳಲ್ಲ.

ಅವಳ ತಲೆಯಲ್ಲಿ ಆವತ್ತು ಬೇರೆಯದೇ ಸಂಭ್ರಮ ಕುಣಿಯುತ್ತಿತ್ತು. ಮಧ್ಯಾಹ್ನ ಮೂರೂವರೆಗೆ ಜೋಯಿಸನ ಪರೀಕ್ಷೆಯ ಫಲಿತಾಂಶ ಬರುವುದಿತ್ತು.

ಜೋಯಿಸ ಎಂದರೆ ಮನುಷ್ಯನಲ್ಲ, ಕಂಪ್ಯೂಟರಿನೊಳಗಿನ ಒಂದು ಪ್ರೋಗ್ರಾಂ. ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರೊಬ್ಬರು ಎರಡು ವರ್ಷ ಆಸ್ಪತ್ರೆಯಲ್ಲೇ ಠಿಕಾಣಿ ಹೂಡಿ ಅದನ್ನು ಕಟ್ಟಿದ್ದರು. ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೋ ಕೊಟ್ಟರೆ, ಇನ್ನೊಂದು ವರ್ಷದೊಳಗೆ ಇವರ ದೃಷ್ಟಿಗೆ ಕುತ್ತು ಬರುವ ಸಂಭವ ನೂರಕ್ಕೆ ಇಷ್ಟು ಎಂದು ಅದು ಹೇಳಬೇಕು. ಈಗ ಏನಾಗಿದೆ ಎಂದಲ್ಲ, ಮುಂದೆ ಏನಾಗಲಿದೆ ಎಂದು. ಭವಿಷ್ಯ ಹೇಳುವುದರಿಂದ ಜೋಯಿಸ ಎಂಬ ಹೆಸರು. ಇಟ್ಟವಳು ಕ್ಲಿಕ್ಕಮ್ಮ; ತನಗೆ ಅಡ್ಡಹೆಸರು ಇಟ್ಟವರ ಮೇಲಿನ ಸೇಡನ್ನು ಅವಳು ಹೀಗೆ ತೀರಿಸಿಕೊಂಡಿದ್ದಳು.

ಈ ಕಾಯಿಲೆಯ ಹಾಳು ಬುದ್ಧಿಯೇನೆಂದರೆ ಅದು ಸದ್ದು ಮಾಡುವುದಿಲ್ಲ. ನೋವಿಲ್ಲ, ಉರಿಯಿಲ್ಲ, ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಚೆನ್ನಾಗಿರುತ್ತದೆ. ಒಳಗೆ ಮಾತ್ರ ರಕ್ತನಾಳಗಳು ಕೆಡುತ್ತಿರುತ್ತವೆ. ಒಂದು ದಿನ ಅವು ಒಡೆದಾಗಲೇ ಮನುಷ್ಯ ಆಸ್ಪತ್ರೆಗೆ ಓಡಿಬರುವುದು. ಅಷ್ಟು ಹೊತ್ತಿಗೆ ತುಂಬ ಕಣ್ಣುಗಳಿಗೆ ತಡವಾಗಿರುತ್ತದೆ.

ಮೂರೂವರೆಗೆ ಕಂಪ್ಯೂಟರ್ ಕೋಣೆಯಲ್ಲಿ ಮೂವರು ಸೇರಿದರು: ಮೇಷ್ಟ್ರು, ಅಕ್ಷಿಪಟಲದ ಡಾಕ್ಟರಮ್ಮ, ಕ್ಲಿಕ್ಕಮ್ಮ. ಕಿಟಕಿ ತೆರೆದಿತ್ತು. ಕೆಳಗೆ ಹಿತ್ತಲಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಹಗ್ಗ ಬಿಚ್ಚಿ, ಜನ ಆಗಲೇ ಗಲಾಟೆ ಶುರು ಮಾಡಿದ್ದರು.

"ಐದು ವರ್ಷದ ಹಿಂದೆ ಬಂದಿದ್ದ ಎಂಟುನೂರು ಜನರ ಫೋಟೋ ಕೊಟ್ಟಿದ್ದೆ" ಎಂದರು ಮೇಷ್ಟ್ರು. ಕನ್ನಡಕವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. "ಅವರಲ್ಲಿ ನಲವತ್ತು ಜನರ ದೃಷ್ಟಿಗೆ ಒಂದು ವರ್ಷದೊಳಗೆ ಕುತ್ತು ಬಂತು. ಅದು ನಮಗೆ ಗೊತ್ತು, ಅದಕ್ಕೆ ಗೊತ್ತಿರಲಿಲ್ಲ. ಫೋಟೋ ಮಾತ್ರ ನೋಡಿ ಅದು ಆ ನಲವತ್ತರಲ್ಲಿ ಎಷ್ಟು ಜನರನ್ನ ಹಿಡೀತು ಅಂತ ಹೇಳಿ ನೋಡೋಣ."

"ಸತಾಯಿಸಬೇಡಿ ಮೇಷ್ಟ್ರೇ, ಹೇಳ್ಬಿಡಿ" ಎಂದಳು ಕ್ಲಿಕ್ಕಮ್ಮ.

"ಮೂವತ್ತಾರು."

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು. ಮೆಲುದನಿಯ ಹೆಂಗಸು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದನಿಯೇರಿಸಿದ್ದಿಲ್ಲ. ಈಗ ಮೇಜನ್ನು ಗುದ್ದಿದ ರಭಸಕ್ಕೆ ಪೆನ್ನುಗಳು ನೆಲಕ್ಕುರುಳಿದವು. "ಮೂವತ್ತಾರಾ! ಅದೇ ಫೋಟೋಗಳನ್ನ ನೋಡಿ ನಾನು ಬರೆದ್ನಲ್ಲ, ನಂದೆಷ್ಟು?"

"ಇಪ್ಪತ್ತಮೂರು" ಎಂದರು ಮೇಷ್ಟ್ರು, ಸಂಕೋಚದಿಂದ.

"ಸೋತೆ! ಎಷ್ಟು ಚೆನ್ನಾಗಿ ಸೋತೆ ನೋಡಿ!" ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಏನೋ ನೆನಪಾಗಿ ನಗು ನಿಂತಿತು. "ಆ ಲಾರಿ ಡ್ರೈವರ್ ಇದ್ರಲ್ಲ, ಎರಡೂ ಕಣ್ಣು ಹೋದ್ಮೇಲೆ ಹೆಂಡತಿ ಕೈ ಹಿಡ್ಕೊಂಡು ಬಂದ್ರಲ್ಲ, ಅವರು?"

"ಜೋಯಿಸನ ಪಟ್ಟಿಲಿ ಏಳನೆಯವರು."

ಡಾಕ್ಟರಮ್ಮ ಕಿಟಕಿಯತ್ತ ತಿರುಗಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕ್ಲಿಕ್ಕಮ್ಮ ನೋಡಿದಳು, ನೋಡದವಳಂತೆ ಪೆನ್ನುಗಳನ್ನು ಹೆಕ್ಕತೊಡಗಿದಳು. ಆ ಡ್ರೈವರನ ಫೋಟೋ ತೆಗೆದವಳು ಅವಳೇ. ಈಗ ಇಂಥವರನ್ನು ಫೋನ್ ಮಾಡಿ ಕರೆಯಬಹುದು! ಕಾಯಬೇಕಿಲ್ಲ! ಅವಳಿಗೆ ಕುಣಿಯಬೇಕೆನ್ನಿಸಿತು, ಕೋಣೆ ಚಿಕ್ಕದಾದ್ದರಿಂದ ಸುಮ್ಮನಿದ್ದಳು.

"ಈಗಿನ ಪಟ್ಟಿ ತೆಗೀರಿ" ಎಂದರು ಡಾಕ್ಟರಮ್ಮ, ಮೂಗೊರೆಸಿಕೊಂಡು. "ಇವತ್ತೇ ಫೋನ್ ಮಾಡೋಣ."

ಮೇಷ್ಟ್ರು ಆವತ್ತು ಬೆಳಿಗ್ಗೆಯವರೆಗೆ ಕ್ಯಾಮೆರಾದಲ್ಲಿದ್ದ ಎಲ್ಲ ಫೋಟೋಗಳನ್ನೂ ಜೋಯಿಸನ ಮುಂದೆ ಸುರಿದಿದ್ದರು. ಎಲ್ಲ ಎಂದರೆ ಎಲ್ಲ. ಯಾವುದನ್ನು ಬಿಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಟ್ಟಿ ಪರದೆಯ ಮೇಲೆ ಮೂಡಿತು, ಹೆಚ್ಚು ಅಪಾಯದವರು ಮೇಲೆ. ಹೆಸರು, ವಯಸ್ಸು, ಫೋನ್ ನಂಬರು, ನೂರಕ್ಕೆ ಎಷ್ಟು. ಆದರೆ ಮೊಟ್ಟಮೊದಲ ಸಾಲಿನಲ್ಲಿ ಹೆಸರಿನ ಜಾಗ ಖಾಲಿ, ವಯಸ್ಸು ಖಾಲಿ, ಫೋನ್ ಖಾಲಿ. ಕೊನೆಯ ಖಾನೆಯಲ್ಲಿ ಮಾತ್ರ ತೊಂಬತ್ತೇಳು.

"ಇದ್ಯಾರು?" ಎಂದರು ಡಾಕ್ಟರಮ್ಮ.

ಮೇಷ್ಟ್ರು ಇಣುಕಿ ನೋಡಿದರು. "ಇದು ಮನುಷ್ಯರಲ್ಲ, ಕಸ. ನೋಡಿ, ಈ ನಂಬರಿನ ಕೆಳಗೆ ಸಾವಿರದ ನಾನೂರ ಹನ್ನೆರಡು ಫೋಟೋ ಇದೆ. ಯಾವ ರೋಗಿ ಅಷ್ಟು ಸಲ ಆಸ್ಪತ್ರೆಗೆ ಬರ್ತಾರೆ? ತೆಗೆದುಹಾಕ್ತೀನಿ." ಅವರ ಬೆರಳು ಆಗಲೇ ಕೀಲಿಯ ಮೇಲಿತ್ತು.

"ಮುಟ್ಟಬೇಡಿ!" ಎಂದಳು ಕ್ಲಿಕ್ಕಮ್ಮ. ತಾನು ತೆಗೆದ ಫೋಟೋವನ್ನು ಕಸ ಎಂದದ್ದು ಅವಳಿಗೆ ಉರಿದುಹೋಗಿತ್ತು. ನಿಜ ಹೇಳಬೇಕೆಂದರೆ ಕಾರಣ ಅಷ್ಟೇ, ಆ ಕ್ಷಣದಲ್ಲಿ ಬೇರೆ ಯಾವ ದೊಡ್ಡತನವೂ ಇರಲಿಲ್ಲ. "ನನ್ನ ಕ್ಯಾಮೆರಾದಲ್ಲಿ ಕಸ ಬರಲ್ಲ. ಒಂದನ್ನ ತೆರೀರಿ."

ಮೇಷ್ಟ್ರು ತೆರೆದರು. ಕಿತ್ತಳೆ ದುಂಡು ಪರದೆಯನ್ನು ತುಂಬಿತು. ಬಲಗಣ್ಣು. ಕ್ಲಿಕ್ಕಮ್ಮ ಮುಂದಕ್ಕೆ ಬಾಗಿದಳು. ಮೇಲಿನ ನಾಳ ಅರ್ಧ ದಾರಿ ಹೋಗಿ, ಮನಸ್ಸು ಬದಲಿಸಿದ ಹಾಗೆ ಹಿಂದಕ್ಕೆ ಬಾಗಿ, ಮತ್ತೆ ಮುಂದೆ ಹೋಗಿತ್ತು.

"ಈ ಕಣ್ಣು ನಂಗೆ ಗೊತ್ತು" ಎಂದಳು. "ತುಂಬಾ ಚೆನ್ನಾಗಿ ಗೊತ್ತು. ಯಾರದು... ಬಾಯಲ್ಲೇ ಇದೆ, ಬರ್ತಿಲ್ಲ. ಎಡಗಣ್ಣು ತೋರಿಸಿ."

"ಎಡಗಣ್ಣಿಲ್ಲ. ಎಲ್ಲಾ ಬಲಗಣ್ಣೇ."

ಕಥೆ ಓದುತ್ತಿರುವ ನಿಮಗೆ ಇದು ಯಾರ ಕಣ್ಣೆಂದು ಆಗಲೇ ಗೊತ್ತಾಗಿದೆ. ಹೊರಗೆ ನಿಂತವರಿಗೆ ಎಲ್ಲವೂ ಬೇಗ ಗೊತ್ತಾಗುತ್ತದೆ. ಆರು ವರ್ಷ ಒಂದನ್ನೇ ನೋಡುತ್ತ ಬಂದವಳಿಗೆ ಅದು ಕಾಣಲು ಇನ್ನೂ ಒಂದು ಪ್ರಶ್ನೆ ಬೇಕಾಯಿತು.

"ಎಷ್ಟು ಹೊತ್ತಿಗೆ ತೆಗೆದಿದ್ದು?"

"ಬೆಳಿಗ್ಗೆ ಎಂಟೂ ಹತ್ತು. ಇದೂ ಎಂಟೂ ಹತ್ತು. ಇದು ಎಂಟೂ ಹನ್ನೊಂದು. ಎಲ್ಲಾನೂ—"

ಕ್ಲಿಕ್ಕಮ್ಮನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. "ಅಯ್ಯೋ, ಬಂಡೆಯಣ್ಣ!"

ಡಾಕ್ಟರಮ್ಮ ಅಷ್ಟು ಹೊತ್ತಿಗೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದರು. "ಇದು ಯಾವತ್ತಿನದು?"

"ಇವತ್ತು ಬೆಳಿಗ್ಗೆದು."

"ಇಲ್ಲಿ ನೋಡಿ." ಅವರ ಬೆರಳು, ಕಣ್ಣಿನ ನರ ಬಂದು ಸೇರುವ ಬಿಳಿ ಬಿಲ್ಲೆಯ ಅಂಚಿನಲ್ಲಿ ನಿಂತಿತು. ಅಲ್ಲಿ ಕೂದಲಿಗಿಂತ ತೆಳುವಾದ ಕೆಂಪು ಎಳೆಗಳು ಸಿಕ್ಕುಸಿಕ್ಕಾಗಿ ಹಬ್ಬಿದ್ದವು. "ಹೊಸ ನಾಳಗಳು. ಬಲವೇ ಇಲ್ಲದವು. ಇವು ಒಡೆದ್ರೆ ಕಣ್ಣು ತುಂಬಾ ರಕ್ತ. ಅವರಿಗೆ ಶುಗರ್ ಇದೆ ಅಂತ ಯಾರೂ ಹೇಳ್ಲಿಲ್ವಲ್ಲ! ಎಲ್ಲಿದ್ದಾರೆ ಅವರು? ಕೂತಿದ್ರೆ ಕೂತ್ಕೊಂಡೇ ಇರ್ಲಿ. ಭಾರ ಎತ್ತೋದು, ಉಸಿರು ಬಿಗಿಹಿಡಿದು ಏನನ್ನಾದರೂ ಎಳೆಯೋದು, ಯಾವುದೂ ಕೂಡದು."

ಕೆಳಗಿನಿಂದ ಸೀಟಿ ಕೇಳಿಸಿತು, ಎರಡನೇ ಸುತ್ತಿನದು. ಅದರ ಹಿಂದೆಯೇ ನೂರು ಗಂಟಲುಗಳ "ಎಳೀ! ಎಳೀ!"

ಮೂವರೂ ಕಿಟಕಿಗೆ ಧಾವಿಸಿದರು. ಹಗ್ಗದ ಈ ತುದಿಯಲ್ಲಿ ಬಂಡೆ ಹಿಂದಕ್ಕೆ ವಾಲಿ, ಹೊಸ ಬೂಟನ್ನು ನೆಲಕ್ಕೆ ನಾಟಿ, ಮುಖ ಕೆಂಪಗೆ ಮಾಡಿಕೊಂಡು ಎಳೆಯುತ್ತಿದ್ದ.

"ಬಂಡೆಯಣ್ಣಾ!" ಎಂದು ಕ್ಲಿಕ್ಕಮ್ಮ ಎರಡನೇ ಮಹಡಿಯಿಂದ ಅರಚಿದಳು. ಕೆಳಗೆ ಯಾರೋ ತಲೆಯೆತ್ತಿ ನೋಡಿ, ಹುರುಪು ತುಂಬುತ್ತಿದ್ದಾಳೆಂದು ಖುಷಿಪಟ್ಟು ಕೈಬೀಸಿದರು.

ಅವಳು ಓಡಿದಳು. ಲಿಫ್ಟಿನ ಮುಂದೆ ಗಾಲಿಕುರ್ಚಿಯವರ ಸಾಲಿತ್ತು. ಮೆಟ್ಟಿಲು ಹಿಡಿದಳು. ಮೊದಲ ತಿರುವಿನಲ್ಲಿ ಒಂದು ಚಪ್ಪಲಿ ಹೋಯಿತು, ಎರಡನೆಯ ತಿರುವಿನಲ್ಲಿ ಇನ್ನೊಂದನ್ನು ಅವಳೇ ಒದ್ದು ಎಸೆದಳು. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದವರು "ಏನಾಯ್ತು, ಬೆಂಕಿನಾ?" ಎಂದು ಕೇಳಿದರು. "ಬೆಂಕಿಯೋರು ಹಿತ್ತಲಲ್ಲೇ ಇದ್ದಾರೆ, ಹೆದರಬೇಡಿ!" ಎಂದು ಕೂಗುತ್ತಲೇ ಮುಂದೆ ಹೋದಳು. ತಲೆಯಲ್ಲಿ ಮಾತ್ರ ಒಂದೇ ಮಾತು ಸುತ್ತುತ್ತಿತ್ತು. ಇವತ್ತು ಬೆಳಿಗ್ಗೆ ನೋಡಿದೆ. ನಿನ್ನೆಯೂ ನೋಡಿದೆ. ಊರವರ ಕಣ್ಣನ್ನೆಲ್ಲ ಓದುವ ನಾನು ನೋಡಿದ್ದೇನು? ಅಂಚು ಚೂಪಾಗಿದೆ, ಬೆಳಕು ಸಮವಾಗಿದೆ.

ಅಂಗಳಕ್ಕೆ ಬಂದಾಗ ಎರಡು ಸುತ್ತು ಮುಗಿದು ಸರಿಸಮ ಆಗಿತ್ತು. ಮೂರನೆಯದೇ ಕೊನೆಯದು. ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಎರಡೂ ಕಡೆಯವರು ಹಗ್ಗ ಹಿಡಿದು ಬಾಗಿದ್ದರು, ತೀರ್ಪುಗಾರ ಸೀಟಿಯನ್ನು ತುಟಿಗಿಟ್ಟಿದ್ದ. ಕ್ಲಿಕ್ಕಮ್ಮ ಕೂಗಿದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಕೈ ಬೀಸಿದಳು, ಎಲ್ಲರೂ ಕೈ ಬೀಸುತ್ತಿದ್ದರು. ಆಗ ಅವಳಿಗೆ ಹೊಳೆದದ್ದು ಒಂದೇ ದಾರಿ. ಜನರ ಕಾಲ ಸಂದಿಯಲ್ಲಿ ನುಗ್ಗಿ, ಸುಣ್ಣದ ಗೆರೆ ದಾಟಿ, ಕೆಂಪು ಬಟ್ಟೆ ಕಟ್ಟಿದ ಜಾಗದಲ್ಲಿ, ಹಗ್ಗದ ನಟ್ಟನಡುವೆ, ಹಗ್ಗವನ್ನು ತಬ್ಬಿಕೊಂಡು ಮೈಯೆಲ್ಲ ಭಾರ ಬಿಟ್ಟು ಬಿದ್ದಳು.

ತೀರ್ಪುಗಾರನ ಬಾಯಿಂದ ಸೀಟಿ ಉದುರಿತು. ಗದ್ದಲ ಒಮ್ಮೆಗೇ ನಿಂತಿತು.

"ಏನಮ್ಮಾ ಇದು!" ಎಂದ ಅಗ್ನಿಶಾಮಕದವರ ನಾಯಕ. "ಸೋಲೋ ಭಯಕ್ಕೆ ಹೆಂಗಸರನ್ನ ಹಗ್ಗದ ಮೇಲೆ ಮಲಗಿಸ್ತೀರಾ?"

ಜನ ಗೊಳ್ಳೆಂದರು. ಬಂಡೆ ನಗಲಿಲ್ಲ. ಮೈಗೆ ಸುತ್ತಿದ್ದ ಹಗ್ಗ ಹಾಗೆಯೇ ಇಟ್ಟುಕೊಂಡು ದಾಪುಗಾಲು ಹಾಕಿ ಬಂದ. "ಕ್ಲಿಕ್ಕಮ್ಮ, ತಲೆ ಕೆಟ್ಟಿದೆಯಾ? ಎದ್ದೇಳು. ಮಾನ ತೆಗೀಬೇಡ."

"ಏಳಲ್ಲ. ನೀನು ಉಸಿರು ಬಿಗಿಹಿಡಿದು ಎಳೀಬಾರದು ಅಣ್ಣ. ನಿನ್ನ ಕಣ್ಣು ಕೆಟ್ಟಿದೆ. ಶುಗರ್ರು. ಒಳಗೆ ಒಡೆಯೋ ಹಾಗಾಗಿದೆ. ಈಗಲೇ ಮೇಲೆ ಬಾ."

ಬಂಡೆ ಅವಳನ್ನು ದಿಟ್ಟಿಸಿದ. ಸಿಟ್ಟಲ್ಲ, ನಿಜವಾದ ಆಶ್ಚರ್ಯ. "ನನ್ನ ಕಣ್ಣಾ? ನನ್ನ ಕಣ್ಣಿಗೆ ಏನಾಗೋಕೆ ಸಾಧ್ಯ? ದಿನಾ ನೀನೇ ನೋಡ್ತೀಯಲ್ಲ!"

ಕ್ಲಿಕ್ಕಮ್ಮ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು.

ಗುಂಪಿನಿಂದ ಬಂಡೆಯ ಹೆಂಡತಿ ಮುಂದೆ ಬಂದಳು. ಕೈಯಲ್ಲಿ ಆಸ್ಪತ್ರೆಯ ತಂಡದ ಹಸಿರು ಬಾವುಟ ಇನ್ನೂ ಇತ್ತು. "ಎರಡು ವರ್ಷದಿಂದ ಬಡ್ಕೊಳ್ತಿದ್ದೀನಿ, ಕೊಡಗಟ್ಟಲೆ ನೀರು ಕುಡೀತೀರ, ನಿದ್ದೆ ಬಿಟ್ಟು ಬಿಟ್ಟು ಎದ್ದು ಹೋಗ್ತೀರ, ರಕ್ತ ತೋರಿಸ್ಕೊಳ್ಳಿ ಅಂತ. ಇವರು ಏನಂತಾರೆ ಗೊತ್ತಾ? ನಮ್ಮಾಸ್ಪತ್ರೆಲಿ ನನ್ನನ್ನ ದಿನಾ ಪರೀಕ್ಷೆ ಮಾಡ್ತಾರೆ ಕಣೇ, ಆ ಭಾಗ್ಯ ಯಾರಿಗಿದೆ, ಏನಾದ್ರೂ ಇದ್ದಿದ್ರೆ ಹೇಳ್ತಿರಲಿಲ್ವಾ ಅಂತಾರೆ." ಅವಳು ಕ್ಲಿಕ್ಕಮ್ಮನತ್ತ ತಿರುಗಿದಳು. "ಹೇಳ್ತಿರಲಿಲ್ವಾ ನೀನು?"

ಹಗ್ಗದ ಮೇಲೆ ಬಿದ್ದಿದ್ದವಳು ಎದ್ದು ಕೂತಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. "ನಾನು ಅಣ್ಣನ ಕಣ್ಣು ನೋಡೇ ಇಲ್ಲ ಅತ್ತಿಗೆ" ಎಂದಳು. "ಕ್ಯಾಮೆರಾ ಸರಿಯಾಗಿದೆಯಾ ಅಂತ ನೋಡ್ತಿದ್ದೆ. ಆರು ವರ್ಷ ಅದನ್ನೇ ನೋಡಿದೆ. ತಪ್ಪು ನಂದು. ಬೈಯೋದಿದ್ರೆ ಆಮೇಲೆ ಬೈಯಿರಿ, ಈಗ ಇವರನ್ನ ಮೇಲೆ ಕಳಿಸಿ."

ಬಂಡೆ ಅಷ್ಟು ದೊಡ್ಡ ಆಳು, ಮೈಯಿಂದ ಹಗ್ಗ ಬಿಚ್ಚುವಾಗ ಅವನ ಕೈ ಗಂಟು ಹುಡುಕಿ ತಡವರಿಸುತ್ತಿತ್ತು. ಹೆಂಡತಿ ಬಾವುಟವನ್ನು ಯಾರಿಗೋ ಕೊಟ್ಟು, ತಾನೇ ಗಂಟು ಬಿಚ್ಚಿದಳು. "ನಿಧಾನ ನಡೀರಿ" ಎಂದಳು. "ಉಸಿರು ಹಿಡೀಬೇಡಿ."

ಮೇಲೆ ಲಿಫ್ಟಿನ ಬಾಗಿಲಲ್ಲೇ ನರ್ಸ್ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಮುನ್ನೂರ ಅರವತ್ತೆರಡು. ಕಪ್ಪು ಪರದೆಯ ಕೋಣೆಯಲ್ಲಿ ಬಂಡೆ ತನ್ನ ಸ್ಟೂಲಿನ ಮೇಲೆ ಕೂತು, ಅಭ್ಯಾಸಬಲದಿಂದ ಗದ್ದ ಊರಿ ಬಲಗಣ್ಣು ಒಡ್ಡಿದ. ಫಳಕ್. ಕ್ಲಿಕ್ಕಮ್ಮ ಬೆಳಗಿನ ಚಿತ್ರವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟಳು. ಡಾಕ್ಟರಮ್ಮ ಅವಳ ಹೆಗಲ ಮೇಲಿಂದ ನೋಡುತ್ತಿದ್ದರು. ಈ ಸಲವೂ ಮೊದಲು ಕಂಡದ್ದು ಕ್ಲಿಕ್ಕಮ್ಮನಿಗೇ. ಹೊಸ ಎಳೆಗಳ ಕೆಳಗೆ ಎಳ್ಳಿನಷ್ಟು ದೊಡ್ಡ ಒಂದು ಕೆಂಪು ಹನಿ.

"ಬೆಳಿಗ್ಗೆ ಇರಲಿಲ್ಲ" ಎಂದಳು.

"ಎರಡು ಸುತ್ತಿನ ಫಲ" ಎಂದರು ಡಾಕ್ಟರಮ್ಮ. "ಒಂದು ಹನಿಗೆ ನಿಂತಿದೆ, ಪುಣ್ಯ. ಮೂರನೇ ಸುತ್ತು ಎಳೆದಿದ್ರೆ ಏನಾಗ್ತಿತ್ತು ಅಂತ ಯೋಚಿಸೋದೂ ಬೇಡ. ಎಡಗಣ್ಣು ತೆಗೀರಿ."

ಆರು ವರ್ಷದಲ್ಲಿ ಮೊದಲ ಬಾರಿಗೆ ಕ್ಲಿಕ್ಕಮ್ಮ ಕ್ಯಾಮೆರಾವನ್ನು ಅವನ ಎಡಕ್ಕೆ ಸರಿಸಿದಳು. ಬಲಗಣ್ಣಿನ ವಿಷಯ ಅಷ್ಟಾದರೂ ಗೊತ್ತಿತ್ತು. ಇದನ್ನು ಯಾರೂ, ಜೋಯಿಸ ಕೂಡ, ನೋಡಿರಲಿಲ್ಲ.

"ಹಸಿರು ಚುಕ್ಕೆ ನೋಡಣ್ಣ."

"ನೋಡ್ತಿದ್ದೀನಿ" ಎಂದ ಬಂಡೆ, ಸಣ್ಣ ದನಿಯಲ್ಲಿ. "ಚೆನ್ನಾಗಿ ಕಾಣಿಸ್ತಿದೆ ಕಣೇ. ಎರಡರಲ್ಲೂ ಚೆನ್ನಾಗಿ ಕಾಣಿಸುತ್ತೆ. ಅದಕ್ಕೇ ನಂಬೋಕೆ ಆಗ್ತಿಲ್ಲ."

ಫಳಕ್. ಚಿತ್ರ ಮೂಡಲು ತೆಗೆದುಕೊಂಡ ಒಂದು ಸೆಕೆಂಡು ಅವಳಿಗೆ ಆರು ವರ್ಷಕ್ಕಿಂತ ಉದ್ದವಾಯಿತು. ಕೆಂಪು ಚುಕ್ಕೆಗಳಿದ್ದವು. ಅಲ್ಲೊಂದು ಇಲ್ಲೊಂದು ಹಳದಿ ಕಲೆ. ಆದರೆ ಬಿಳಿ ಬಿಲ್ಲೆಯ ಅಂಚು ಸ್ವಚ್ಛವಾಗಿತ್ತು. ಹೊಸ ಎಳೆಗಳಿರಲಿಲ್ಲ.

"ಇಲ್ಲ!" ಎಂದು ಕ್ಲಿಕ್ಕಮ್ಮ ಕೂಗಿಬಿಟ್ಟಳು. "ಮೇಡಂ, ಎಡಗಡೆ ಇಲ್ಲ! ಇನ್ನೂ ಬಂದಿಲ್ಲ!"

"ಬರೋದೂ ಬೇಡ" ಎಂದರು ಡಾಕ್ಟರಮ್ಮ. ಅವರ ಮುಖ ಅರಳಿತ್ತು. "ಬಲಕ್ಕೆ ಈಗಲೇ ಲೇಸರ್. ಎಡವನ್ನ ಕಾಯ್ತಾ ಇರೋಣ. ಶುಗರ್ ಇಳಿಸೋರ ಹತ್ರ ನಾಳೆ ಬೆಳಿಗ್ಗೆನೇ ಕಳಿಸ್ತೀನಿ. ಎರಡೂ ಕಣ್ಣು ಉಳಿಸ್ಕೊಳ್ಳೋಣ. ಕೇಳಿಸ್ತಾ? ಎರಡೂ!"

ಬಂಡೆಯ ಹೆಂಡತಿ ಗೋಡೆಗೆ ಒರಗಿ ನಿಂತವಳು ಹಾಗೆಯೇ ಜಾರಿ ನೆಲದ ಮೇಲೆ ಕೂತು ಬಿಕ್ಕಿದಳು. ಕ್ಲಿಕ್ಕಮ್ಮನೂ ಅತ್ತಳು, ಅಳುತ್ತಲೇ ನಕ್ಕಳು, ಕ್ಯಾಮೆರಾದ ಗಾಜಿಗೆ ನೀರು ಬೀಳದಂತೆ ದೂರ ನಿಂತುಕೊಂಡಳು.

ಲೇಸರ್ ಕುರ್ಚಿಯಲ್ಲಿ ಬಂಡೆ ಅಲುಗಾಡದೆ ಕೂತ. ಮೈ ಬಿಗಿಮಾಡಿ ನಿಲ್ಲುವುದು ಅವನಿಗೆ ಗೊತ್ತಿದ್ದ ವಿದ್ಯೆಯೇ. ಹಸಿರು ಬೆಳಕಿನ ಕಿಡಿಗಳು ಒಂದಾದ ಮೇಲೆ ಒಂದು ಬಿದ್ದವು. ನಡುವೆ ಕೆಳಗಿನಿಂದ, ಬಂಡೆಯ ಜಾಗಕ್ಕೆ ಬೇರೊಬ್ಬನನ್ನು ನಿಲ್ಲಿಸಿ ಕೊನೆಗೂ ಶುರುವಾದ ಮೂರನೇ ಸುತ್ತಿನ ಸೀಟಿ ಕೇಳಿಸಿತು. ಹತ್ತು ಎಣಿಸುವುದರೊಳಗೆ ಅಗ್ನಿಶಾಮಕದವರ ಜಯಘೋಷ.

"ಹೋಯ್ತು" ಎಂದ ಬಂಡೆ, ಗದ್ದ ಊರಿಕೊಂಡೇ. "ಹತ್ತು ಸೆಕೆಂಡೂ ನಿಲ್ಲಲಿಲ್ಲ, ದಂಡಪಿಂಡಗಳು. ಕ್ಲಿಕ್ಕಮ್ಮ, ಇದು ನಿನ್ನ ಲೆಕ್ಕಕ್ಕೆ."

"ಮಾತಾಡಬೇಡಿ, ಅಲ್ಲಾಡ್ತೀರ" ಎಂದರು ಡಾಕ್ಟರಮ್ಮ.

ಆಚೆ ಬಾಗಿಲಲ್ಲಿ ಮೇಷ್ಟ್ರು ಒಂದು ಕಾಗದ ಹಿಡಿದು ಚಡಪಡಿಸುತ್ತಿದ್ದರು. ಕ್ಲಿಕ್ಕಮ್ಮ ಹೊರಗೆ ಬಂದಳು. ಕಾಗದದ ಮೇಲೆ ಒಂದೇ ಗೆರೆ ಇತ್ತು. ಸಾವಿರದ ನಾನೂರ ಹನ್ನೆರಡು ಬೆಳಗುಗಳ ಚಿತ್ರ ನೋಡಿ, ಅಪಾಯ ನೂರಕ್ಕೆ ಎಷ್ಟೆಂದು ಜೋಯಿಸ ಈಗ ಹೇಳಿದ್ದು. ನಾಲ್ಕು ವರ್ಷ ನೆಲಕ್ಕಂಟಿಕೊಂಡು ಹೋಗಿದ್ದ ಗೆರೆ, ಆಮೇಲೆ ಮೆಲ್ಲಗೆ ತಲೆಯೆತ್ತಿ, ಏರಿ, ಏರಿ, ಕಾಗದದ ಮೇಲಂಚಿಗೆ ಹೋಗಿತ್ತು.

"ಒಂದು ಕಣ್ಣು ದಿನದಿನವೂ ಹೇಗೆ ಕೆಡುತ್ತೆ ಅಂತ ಹೀಗೆ ಬೆಳಗಿಂದ ಬೆಳಗಿಗೆ ನಾನಂತೂ ಎಲ್ಲೂ ನೋಡಿಲ್ಲ!" ಎಂದರು ಮೇಷ್ಟ್ರು. ಅವರ ಕಣ್ಣು ಹೊಳೆಯುತ್ತಿತ್ತು. "ಜೋಯಿಸನಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಇದರಿಂದ ಕಲಿತರೆ ಇನ್ನೆಷ್ಟು ಜನರನ್ನ ಮೊದಲೇ..." ಅವರು ಅವಳ ಮುಖ ನೋಡಿ ನಿಲ್ಲಿಸಿದರು.

"ಅಪಾಯದ ಮಟ್ಟ ಯಾವಾಗ ದಾಟಿದ್ದು?" ಎಂದು ಕೇಳಿದಳು ಕ್ಲಿಕ್ಕಮ್ಮ.

ಮೇಷ್ಟ್ರು ಕನ್ನಡಕ ತೆಗೆದರು. "ಹದಿನಾಲ್ಕು ತಿಂಗಳ ಹಿಂದೆ."

ಅವಳು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡಳು. "ಇದು ನನ್ನ ಹತ್ರ ಇರಲಿ. ನೀವು ಇನ್ನೊಂದು ತೆಕ್ಕೊಳ್ಳಿ. ಮತ್ತೆ ಬನ್ನಿ ಈಗ, ಪಟ್ಟಿಲಿ ಇನ್ನೂ ಹದಿನೇಳು ಜನ ಇದ್ದಾರೆ. ಅವರಿಗಾದ್ರೂ ಹೆಸರಿದೆ, ಫೋನಿದೆ. ಐದು ಗಂಟೆ, ಎಲ್ಲರೂ ಎತ್ತುತ್ತಾರೆ." ಇಬ್ಬರೂ ಒಂದೊಂದು ಫೋನ್ ಹಿಡಿದು ಕೂತರು. ಮೊದಲನೆಯವರು ಅಂಗಡಿಯಿಂದ "ನಂಗೇನೂ ಆಗಿಲ್ಲಮ್ಮ, ಚೆನ್ನಾಗಿ ಕಾಣಿಸುತ್ತೆ" ಎಂದರು. "ಚೆನ್ನಾಗಿ ಕಾಣಿಸುವಾಗಲೇ ಬನ್ನಿ!" ಎಂದು ಕ್ಲಿಕ್ಕಮ್ಮ ಎಷ್ಟು ಜೋರಾಗಿ ಹೇಳಿದಳೆಂದರೆ ಆ ಕಡೆಯವರು ಹೆದರಿ ಮರುದಿನವೇ ಬರುವುದಾಗಿ ಒಪ್ಪಿಕೊಂ‍ಡರು. ಕತ್ತಲಾಗುವ ಮೊದಲು ಹದಿನೇಳರಲ್ಲಿ ಹದಿನೈದು ಜನ ಸಿಕ್ಕಿದ್ದರು.

ಮರುದಿನ ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂಡೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಅವನ ಸ್ಟೂಲಿನ ಎದುರು, ಗದ್ದ ಊರುವ ಜಾಗದಲ್ಲಿ, ಪ್ಲಾಸ್ಟಿಕ್ ಕಣ್ಣು ಕೂತಿತ್ತು. ಆರು ವರ್ಷದ ಧೂಳನ್ನು ಕ್ಲಿಕ್ಕಮ್ಮ ಒರೆಸಿ ಒರೆಸಿ ತೆಗೆದಿದ್ದಳು.

"ಓ" ಎಂದ ಬಂಡೆ. "ನನ್ನ ಕೆಲಸ ಹೋಯ್ತು ಅನ್ನು."

"ಹೋಯ್ತು."

ಫಳಕ್. ಅಂಚು ಚೂಪಾಗಿದೆ, ಬೆಳಕು ಸಮವಾಗಿದೆ, ನೆರಳು ಬಿದ್ದಿಲ್ಲ. ಎರಡು ಸೆಕೆಂಡು. ಅವಳು ಪ್ಲಾಸ್ಟಿಕ್ ಕಣ್ಣನ್ನು ತೆಗೆದು ಡಬ್ಬಿಗೆ ಹಾಕಿದಳು. ಡಾಕ್ಟರಮ್ಮ ಮರುದಿನದ ಚಿತ್ರ ಬೇಕೆಂದು ಬರೆದಿಟ್ಟಿದ್ದ ಹೊಸ ಚೀಟಿ ಮೇಜಿನ ಮೇಲಿತ್ತು. ಹೆಸರು, ವಯಸ್ಸು, ಹೆಂಡತಿಯ ಫೋನ್ ನಂಬರು, ಎಲ್ಲ ಖಾನೆಯೂ ತುಂಬಿತ್ತು.

"ಬಾ, ಕೂತ್ಕೋ" ಎಂದಳು.

ಬಂಡೆ ಕೂತು ಗದ್ದ ಊರಿದ. ಬಲಗಣ್ಣು, ಆಮೇಲೆ ಎಡಗಣ್ಣು. ಕ್ಲಿಕ್ಕಮ್ಮ ಚಿತ್ರವನ್ನು ದೊಡ್ಡದು ಮಾಡಿ, ಬಿಳಿ ಬಿಲ್ಲೆಯಿಂದ ಶುರುಮಾಡಿ, ಒಂದೊಂದೇ ನಾಳವನ್ನು ಹಿಡಿದು ಕೊನೆಯವರೆಗೂ ಹೋದಳು. ಲೇಸರಿನ ಗುರುತುಗಳನ್ನು ನೋಡಿದಳು. ಕೆಂಪು ಹನಿ ದೊಡ್ಡದಾಗಿರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಮುಗಿಯಿತೆಂದು ಹೇಳಲು ಮರೆತಿದ್ದಳು. ಬಂಡೆ ಕತ್ತಲಲ್ಲಿ ಗದ್ದ ಊರಿಕೊಂಡೇ ಇದ್ದ.

"ಏನಮ್ಮ, ಇವತ್ತು ಇಷ್ಟು ಹೊತ್ತು?" ಎಂದ ಕೊನೆಗೆ. "ಫೋಕಸ್ ಸರಿಯಾಗಿ ಬಂದಿಲ್ವಾ?"

"ಬಂದಿದೆ ಅಣ್ಣ" ಎಂದಳು ಕ್ಲಿಕ್ಕಮ್ಮ. "ಸುಮ್ನೆ ಕೂತಿರು. ನೋಡ್ತಾ ಇದ್ದೀನಿ."